ಹೂಂ ಮೇಷ್ಟ್ರು ಮತ್ತು ಹಸಿರು ಬಳೆಗಳು

ನಮ್ಮ ಮಾತಿನಲ್ಲಿ 'ಹೂಂ' ಎನ್ನುವಷ್ಟು ಅನುಕೂಲದ ಪದ ಇನ್ನೊಂದಿಲ್ಲ. ಬಾಯಿ ತೆರೆಯುವ ಶ್ರಮವೂ ಬೇಡ. 'ಹೌದು' ಎಂದಾದರೂ ತಿಳಿದುಕೊಳ್ಳಿ, 'ಕೇಳಿಸಿತು, ಮುಂದೆ ಹೇಳಿ' ಎಂದಾದರೂ ತಿಳಿದುಕೊಳ್ಳಿ, 'ಸುಮ್ಮನೆ ತಲೆ ತಿನ್ನಬೇಡಿ' ಎಂದಾದರೂ ತಿಳಿದುಕೊಳ್ಳಿ. ಅಂದವನ ಮೇಲೆ ಯಾವ ಹೊಣೆಯೂ ಇಲ್ಲ. ಈ ಒಂದು ಪದವನ್ನು ನೆಚ್ಚಿಕೊಂಡು ಬಾಳಿನ ಬಹುಪಾಲು ಕಳೆದ ಫಿಸಿಕ್ಸ್ ಮೇಷ್ಟ್ರೊಬ್ಬರ ಕಥೆ ಇದು. ಹುಡುಗರು ಅವರಿಗೆ 'ಹೂಂ ಮೇಷ್ಟ್ರು' ಎಂದೇ ಹೆಸರಿಟ್ಟಿದ್ದರು. ಹೆಸರಿಡುವುದರಲ್ಲಿ ಹುಡುಗರು ತಪ್ಪುವುದು ಕಡಿಮೆ.

ಮನೆಗೆ ಬಣ್ಣ ಹೊಡೆಸುವಾಗ ಹೆಂಡತಿ, "ಗೋಡೆಗೆ ನೀಲಿ ಇರಲಾ?" ಎಂದು ಕೇಳಿದ್ದರು. "ಹೂಂ." "ಇಲ್ಲಾ ಹಳದೀನೇ ಚೆನ್ನಾಗಿರುತ್ತಾ?" "ಹೂಂ." ಕೊನೆಗೆ ನಡುಮನೆ ನೀಲಿಯಾಗಿ, ಅಡುಗೆಮನೆ ಹಳದಿಯಾಗಿ, ಎರಡನ್ನೂ ನೋಡಿದ ಮೇಷ್ಟ್ರು ಮತ್ತೆ ಹೂಂ ಅಂದರು. ಕಾಲೇಜಿನ ಸ್ಟಾಫ್ ರೂಮಿನಲ್ಲೂ ಅದೇ ಕಥೆ. ಜಗಳವಾಡಿದ ಇಬ್ಬರು ಇವರ ಹತ್ತಿರ ಬೇರೆ ಬೇರೆಯಾಗಿ ಬಂದು ಗೋಳು ತೋಡಿಕೊಂಡು, ಮೇಷ್ಟ್ರು ನಮ್ಮ ಕಡೆಯೇ ಎಂದು ಹಿಗ್ಗಿ ಹೋಗುತ್ತಿದ್ದರು. ಅಡ್ಡಗೋಡೆಯ ಮೇಲೆ ದೀಪ ಇಡುವುದರಲ್ಲಿ ಅವರನ್ನು ಮೀರಿಸುವವರಿರಲಿಲ್ಲ. ಯಾರ ಮನಸ್ಸನ್ನೂ ನೋಯಿಸಬಾರದು ಎನ್ನುವುದು ಅವರ ನೀತಿ. ಯಾರೂ ತನ್ನ ಮೇಲೆ ರೇಗಬಾರದು ಎನ್ನುವ ಆಸೆಗೆ ಅವರು ಕೊಟ್ಟುಕೊಂಡ ಹೆಸರು ಅದು, ಅಷ್ಟೇ.

ಪಾಠಕ್ಕೆ ನಿಂತರೆ ಮಾತ್ರ ಆಸಾಮಿ ಬೇರೆ. ಬೆಳಕಿನ ಪಾಠ ಬಂತೆಂದರೆ ಮೇಷ್ಟ್ರ ದನಿಯೇ ಏರುತ್ತಿತ್ತು. ಬೆಳಕು ಕೊಳದ ನೀರಿನ ಹಾಗೆ ಅಲೆಯಲೆಯಾಗಿ ಹರಡುತ್ತದೆ, ಸರಿ. ಆದರೆ ಅದೇ ಬೆಳಕು ಲೋಹದ ತಗಡಿನ ಮೇಲೆ ಬಿದ್ದಾಗ ಕಾಳು ಎಸೆದ ಹಾಗೆ ಒಂದೊಂದಾಗಿ ಬಡಿದು ಎಲೆಕ್ಟ್ರಾನನ್ನು ಹೊರಗೆ ಹಾರಿಸುತ್ತದೆ. ಇನ್ನು ಎಲೆಕ್ಟ್ರಾನು? ಅದನ್ನು ಪುಟ್ಟ ಕಣ ಎಂದು ಎಲ್ಲರೂ ಉರು ಹೊಡೆದಿರುತ್ತಾರೆ, ಅದು ನೋಡಿದರೆ ಅಲೆಯ ಹಾಗೆ ಆಡುತ್ತದೆ. "ನಂಬಿಕೆ ಬರಲ್ಲ ಅಲ್ವಾ? ಬನ್ನಿ, ತೋರಿಸ್ತೀನಿ" ಎಂದು ಮೇಷ್ಟ್ರು ಹುಡುಗರನ್ನು ಲ್ಯಾಬಿಗೆ ಹೊರಡಿಸುತ್ತಿದ್ದರು.

ಲ್ಯಾಬಿನ ಮೂಲೆಯ ಮೇಜಿನ ಮೇಲೆ ಸೋರೆಕಾಯಿಯಂಥ ಒಂದು ಗಾಜಿನ ಬುರುಡೆ. ಅದರ ಕತ್ತಿನಲ್ಲಿರುವ ಕಾದ ತಂತಿಯಿಂದ ಹೊರಟ ಎಲೆಕ್ಟ್ರಾನುಗಳು ಗ್ರಾಫೈಟಿನ ಒಂದು ತೆಳು ಪೊರೆಯನ್ನು ದಾಟಿ ಎದುರಿನ ಗಾಜಿಗೆ ಬಡಿಯುತ್ತವೆ. ಗ್ರಾಫೈಟೆಂದರೆ ಬೇರೇನಲ್ಲ, ಪೆನ್ಸಿಲ್ಲಿನ ಕಡ್ಡಿಯಲ್ಲಿರುವುದೇ. ಎಲೆಕ್ಟ್ರಾನು ಬಡಿದ ಜಾಗದಲ್ಲಿ ಹಸಿರು ಬೆಳಕು. ಅವು ಬರೀ ಗೋಲಿಗಳಾಗಿದ್ದರೆ ನಡುವೆ ಒಂದು ಚುಕ್ಕೆ, ಸುತ್ತ ಒಂದಿಷ್ಟು ಮಸುಕು ಬಿದ್ದು ಮುಗಿಯಬೇಕು. ಆದರೆ ಕತ್ತಲೆ ಮಾಡಿ ನೋಡಿದರೆ ಚುಕ್ಕೆಯ ಸುತ್ತ ಒಂದರ ಹೊರಗೊಂದು ಎರಡು ಹಸಿರು ಉಂಗುರ. ಅಲೆಗಳು ಒಂದಕ್ಕೊಂದು ಕೂಡಿ, ಒಂದನ್ನೊಂದು ಅಳಿಸಿ, ಹೀಗೆ ಉಂಗುರ ಬರೆಯಬಲ್ಲವೇ ಹೊರತು ಗೋಲಿಗಳಲ್ಲ. ಪ್ರತಿ ವರ್ಷವೂ ಅದನ್ನು ಕಂಡ ಹುಡುಗರ ಬಾಯಿಂದ ಒಂದು 'ಓ' ಹೊರಡುತ್ತಿತ್ತು, ಮೇಷ್ಟ್ರಿಗೆ ಆ ವರ್ಷದ ಸಂಬಳ ಬಂದಂತಾಗುತ್ತಿತ್ತು.

ಆ ಬುರುಡೆಯ ಯೋಗಕ್ಷೇಮ ಲ್ಯಾಬಿನ ಅಟೆಂಡರಮ್ಮನದು. ಎಲ್ಲರ ಬಾಯಲ್ಲೂ ಅವರು ಲ್ಯಾಬಮ್ಮ. ಉಂಗುರಗಳಿಗೆ ಅವರು ಬಳೆ ಅನ್ನುತ್ತಿದ್ದರು. "ಸಾರ್, ಬಳೆ ಎದ್ದಿದೆ, ಹುಡುಗರನ್ನ ಕಳಿಸಿ" ಎಂದು ಬಾಗಿಲಲ್ಲಿ ನಿಂತು ಕರೆಯುವಾಗ ಅವರ ಮುಖದಲ್ಲಿ ಮನೆಯ ಮಗುವನ್ನು ನೆಂಟರಿಗೆ ತೋರಿಸುವ ಸಂಭ್ರಮ. ಕೆಲಸ ಮುಗಿದ ಮೇಲೆ ಮೊದಲು ವೋಲ್ಟೇಜು ಏರಿಸುವ ಗುಂಡಿಯನ್ನು ಸೊನ್ನೆಗೆ ತಿರುಗಿಸಬೇಕು, ಆಮೇಲೆ ಸ್ವಿಚ್ಚು, ಆಮೇಲೆ ಹಳೆಯ ಕೊಡೆಬಟ್ಟೆಯಲ್ಲಿ ತಾವೇ ಹೊಲಿದ ಕುಲಾವಿ. ಈ ಕ್ರಮ ತಪ್ಪಿಸುವುದು ಅವರ ಕೈಗೆ ಗೊತ್ತೇ ಇರಲಿಲ್ಲ. ಹೈಸ್ಕೂಲು ಓದುತ್ತಿದ್ದ ಮಗಳನ್ನು ಒಂದು ಸಲ ಕರೆತಂದು ಬಳೆ ತೋರಿಸಿದ್ದರು. "ಇವಳು ಸೈನ್ಸೇ ತಗೋತಾಳಂತೆ ಸಾರ್, ಹಟ ಹಿಡಿದಿದಾಳೆ" ಎಂದು ದೂರುವ ಹಾಗೆ ಹೇಳಿ ಹೆಮ್ಮೆಪಟ್ಟಿದ್ದರು.

ಮೇಷ್ಟ್ರಿಗೊಬ್ಬ ಷಡ್ಡಕ. ಹೆಂಡತಿಯ ತಂಗಿಯ ಗಂಡ. ಕಟ್ಟಡದ ಕಂಟ್ರಾಕ್ಟರು, ದೊಡ್ಡ ಗಂಟಲು, ದೊಡ್ಡ ನಗು. ಮಾವನ ಮನೆಯಲ್ಲಿ ಇಬ್ಬರೂ ಊಟಕ್ಕೆ ಕೂತರೆ ಷಡ್ಡಕ ಕಟ್ಟಿದ ಮನೆಗಳ ಲೆಕ್ಕ ನಡೆಯುತ್ತಿತ್ತು, ಮೇಷ್ಟ್ರು ಹೂಂಗುಡುತ್ತಿದ್ದರು. ಒಂದು ಭಾನುವಾರ ಅವನು ಮೇಷ್ಟ್ರ ಮನೆಗೇ ಬಂದು ಕೂತು ಕೆಣಕಿದ. "ಅಲ್ಲ ಭಾವ, ಇಷ್ಟು ವರ್ಷದಿಂದ ಕಣ್ಣಿಗೆ ಕಾಣದೇ ಇರೋದನ್ನೇ ಪಾಠ ಮಾಡ್ತೀರಂತೆ. ನಾನು ಹಾಗೆ ಕಾಣದೇ ಇರೋ ಮನೆ ಕಟ್ಟಿಕೊಟ್ರೆ ಜನ ಅಟ್ಟಾಡಿಸಿಕೊಂಡು ಹೊಡೀತಾರೆ!" ಹೆಂಡತಿ ಸಹ ನಕ್ಕರು. ಯಾವತ್ತೂ ಇಲ್ಲದ ಪೌರುಷ ಮೇಷ್ಟ್ರಿಗೆ ಅವತ್ತು ಉಕ್ಕಿತು. ತಮ್ಮ ಹತ್ತಿರವಿದ್ದ ಲ್ಯಾಬಿನ ಬೀಗದ ಕೈ ತೆಗೆದುಕೊಂಡು, "ನಡೀರಿ, ಕಾಣಿಸ್ತೀನಿ" ಎಂದು ಎದ್ದೇಬಿಟ್ಟರು.

ಲ್ಯಾಬಿನ ಪರದೆ ಎಳೆದು, ಬುರುಡೆ ಹೊತ್ತಿಸಿ, ಹಸಿರು ಉಂಗುರ ತೋರಿಸಿದರು. ಷಡ್ಡಕ ಮೂಗು ಗಾಜಿಗೆ ತಾಗುವಷ್ಟು ಬಗ್ಗಿ ನೋಡಿದ. "ಇಷ್ಟೇನಾ?" ಅಂದ. "ನಮ್ಮ ಮನೆ ಹಳೇ ಟೀವಿ ಇದಕ್ಕಿಂತ ಜೋರಾಗಿ ಹೊಳೀತಿತ್ತು." ಮೀಟರಿನ ಮೇಲೆ ಒಂದು ಕೆಂಪು ಗೆರೆ ಇತ್ತು. ಮುಳ್ಳು ಅದನ್ನು ದಾಟಬಾರದು, ದಾಟಿದರೆ ಪೊರೆ ಸುಟ್ಟೀತು ಎಂದು ಹುಡುಗರಿಗೆ ಬಾರಿ ಬಾರಿ ಹೇಳುತ್ತಿದ್ದವರು ಇದೇ ಮೇಷ್ಟ್ರು. ಈಗ ಅವರೇ ಗುಂಡಿ ತಿರುಗಿಸಿದರು. ಮುಳ್ಳು ಗೆರೆ ದಾಟಿತು, ಉಂಗುರಗಳು ನಿಜವಾಗಿಯೂ ಜೋರಾಗಿ ಹೊಳೆದವು, ಷಡ್ಡಕ 'ಆಹಾ' ಅನ್ನುವಷ್ಟರಲ್ಲಿ ಅಲ್ಲಲ್ಲಿ ಹರಿದು ಆರಿಹೋದವು. ನಡುವಿನ ಚುಕ್ಕೆಯೊಂದು ಪೆದ್ದುಪೆದ್ದಾಗಿ ಉಳಿಯಿತು. ಮೇಷ್ಟ್ರು ಗಾಬರಿಯಲ್ಲಿ ಗುಂಡಿಯನ್ನು ಕೊನೆಯವರೆಗೂ ತಿರುಗಿಸಿ ನೋಡಿದರು. ಉಂಗುರ ಬರಲಿಲ್ಲ.

"ಮುಗೀತಾ ಭಾವ?" ಎಂದ ಷಡ್ಡಕ.

"ಹೂಂ" ಅಂದರು ಮೇಷ್ಟ್ರು. ಸ್ವಿಚ್ಚು ಆರಿಸಿ, ಕುಲಾವಿ ಮುಚ್ಚಿ, ಬೀಗ ಹಾಕಿ ಹೊರಬಂದರು. ಗುಂಡಿ ಕೊನೆಯಲ್ಲೇ ನಿಂತಿತ್ತು.

ಮರುದಿನ ಬೆಳಿಗ್ಗೆ ತರಗತಿಗೆ ಬಳೆ ಎಬ್ಬಿಸಲು ಹೋದ ಲ್ಯಾಬಮ್ಮ ಗುಂಡಿ ನೋಡಲಿಲ್ಲ. ಶನಿವಾರ ತಾವೇ ಸೊನ್ನೆಗಿಟ್ಟು ಹೋಗಿದ್ದಾಗ ನೋಡುವುದೇನಿದೆ? ಸ್ವಿಚ್ಚು ಹಾಕಿದರು, ಮುಳ್ಳು ಒಮ್ಮೆಗೇ ಕೆಂಪು ಗೆರೆ ದಾಟಿ ನಿಂತಿತು, ಬಳೆ ಏಳಲಿಲ್ಲ. ಅವರು ಕೂಗಿಕೊಂಡ ಸದ್ದಿಗೆ ಪಕ್ಕದ ಕೋಣೆಯವರು ಓಡಿಬಂದರು. ಸ್ವಲ್ಪ ಹೊತ್ತಿಗೆಲ್ಲ ಮೇಷ್ಟ್ರಿಗೂ ಲ್ಯಾಬಮ್ಮನಿಗೂ ಪ್ರಿನ್ಸಿಪಾಲರಿಂದ ಕರೆ ಬಂತು.

ಪ್ರಿನ್ಸಿಪಾಲರಿಗೆ ಎಲ್ಲವೂ ಬೇಗ ಮುಗಿಯಬೇಕು. "ನೋಡಮ್ಮ, ಗುಂಡಿ ಪೂರ್ತಿ ಮೇಲಿತ್ತು. ನೋಡ್ದೆ ಸ್ವಿಚ್ ಹಾಕಿದೀಯ. ಸುಟ್ಟಿದೆ. ಅಷ್ಟೇ ತಾನೆ?" ಎಂದರು. ಲ್ಯಾಬಮ್ಮ ಕಣ್ಣೊರೆಸಿಕೊಂಡರು. ಪ್ರಿನ್ಸಿಪಾಲರು ಈ ಕಡೆ ತಿರುಗಿದರು. "ಹಾಗೆ ಹಾಕಿದ್ರೆ ಸುಡುತ್ತೆ, ಅಲ್ವಾ ಮೇಷ್ಟ್ರೇ?"

ಲ್ಯಾಬಮ್ಮ ತಲೆ ಎತ್ತಿ ಮೇಷ್ಟ್ರ ಮುಖವನ್ನೇ ನೋಡಿದರು. ಮೇಷ್ಟ್ರು ಮೇಜಿನ ಮೇಲಿದ್ದ ಗಾಜಿನ ಪೇಪರ್ ವೇಟನ್ನು ನೋಡಿದರು.

"ಹೂಂ" ಅಂದರು.

ಆ ಹೂಂನಿಂದ ಲ್ಯಾಬಮ್ಮನಿಗೆ ಸಿಕ್ಕ ಶಿಕ್ಷೆ ಅಂಥ ಘೋರವೇನಲ್ಲ. ಕೆಲಸ ಹೋಗಲಿಲ್ಲ. ಲ್ಯಾಬಿನ ಬದಲು ಆಫೀಸಿನ ಬಾಗಿಲಲ್ಲಿ ಒಂದು ಸ್ಟೂಲು, ಕಾಗದ ಪತ್ರ ಆ ಕೋಣೆಯಿಂದ ಈ ಕೋಣೆಗೆ ಒಯ್ಯುವುದು, ಹೊತ್ತಿಗೆ ಸರಿಯಾಗಿ ಗೋಡೆಯ ಸ್ವಿಚ್ಚು ಒತ್ತಿ ಕರೆಂಟಿನ ಗಂಟೆ ಬಾರಿಸುವುದು. ಮೇಷ್ಟ್ರು ತಮಗೆ ತಾವೇ ಸಮಾಧಾನ ಹೇಳಿಕೊಂಡರು. ನಾನೇನು ಅವರು ಸುಟ್ಟರು ಅಂದೆನೇ? ಹಾಗೆ ಸ್ವಿಚ್ಚು ಹಾಕಿದರೆ ಸುಡಬಹುದು, ಅದು ಸತ್ಯ ತಾನೆ. ಹೂಂ ಅಂದರೆ ಕೇಳಿಸಿತು ಅಂತಲೂ ಆಗುತ್ತದೆ. ಪ್ರಿನ್ಸಿಪಾಲರು ಅದನ್ನು ಹೌದು ಅಂದುಕೊಂಡರೆ ನಾನೇನು ಮಾಡಲಿ? ಈ ವಾದ ಹಗಲಿನಲ್ಲಿ ಚೆನ್ನಾಗಿಯೇ ನಿಲ್ಲುತ್ತಿತ್ತು. ಸ್ಟೂಲಿನ ಮುಂದೆ ಹಾದುಹೋಗುವಾಗ ಮಾತ್ರ ಬಿದ್ದುಹೋಗುತ್ತಿತ್ತು.

ಅಲ್ಲಿ ಇನ್ನೊಂದು ಕಾಟ. ಗಂಟೆಯ ಹೊತ್ತಾದಾಗ ಲ್ಯಾಬಮ್ಮ ತಾವಾಗಿ ಸ್ವಿಚ್ಚು ಒತ್ತುತ್ತಿರಲಿಲ್ಲ. ಹಾದುಹೋಗುವ ಯಾರನ್ನಾದರೂ ಕರೆದು, "ಅದೊಂದು ಒತ್ತಿಬಿಡಪ್ಪ" ಅನ್ನುತ್ತಿದ್ದರು. ಒಂದು ದಿನ ಮೇಷ್ಟ್ರೇ ಸಿಕ್ಕಿಬಿದ್ದರು. "ಸಾರ್, ಒಂಚೂರು ಒತ್ತಿ ಸಾರ್." ಮೇಷ್ಟ್ರು ಒತ್ತಿದರು. ಮುಖಕ್ಕೆ ರಕ್ತ ನುಗ್ಗಿತು. ತನ್ನನ್ನು ಚುಚ್ಚಲೆಂದೇ ಈ ನಾಟಕ ಎಂದುಕೊಂಡು ಒಳಗೊಳಗೇ ಕುದಿದರು. ಮನೆಯಲ್ಲಿ ಹೆಂಡತಿಗೆ, "ಎಲ್ಲರ ಎದುರು ನನ್ನ ಮಾನ ತೆಗೀಬೇಕು ಅಂತ ಮಾಡ್ತಾರೆ" ಎಂದು ಬಯ್ದುಕೊಂಡರು.

"ಅವರು ನಿಮ್ಮ ಮಾನ ಯಾಕೆ ತೆಗೀಬೇಕು? ನೀವು ಅವರಿಗೇನು ಮಾಡಿದೀರಿ?" ಎಂದರು ಹೆಂಡತಿ. ಅವತ್ತು ಲ್ಯಾಬಿನಲ್ಲಿ ಏನಾಯಿತೆಂದು ತಂಗಿಯ ಗಂಡನ ಬಾಯಲ್ಲಿ ಅವರು ಆಗಲೇ ಕೇಳಿದ್ದರು. ಬುರುಡೆ ಹೋದದ್ದಕ್ಕೆ ಕಾಲೇಜಿನಲ್ಲಿ ಯಾರ ತಲೆ ಉರುಳಿತೆಂಬುದು ಅವರಿಗೆ ಗೊತ್ತಿರಲಿಲ್ಲ. ಮೇಷ್ಟ್ರು ಹೇಳಲೂ ಇಲ್ಲ. ಅಂದಿನಿಂದ ಆಫೀಸಿನ ಬಾಗಿಲು ತಪ್ಪಿಸಿ, ಕಟ್ಟಡದ ಹಿಂದಿನ ಮೆಟ್ಟಿಲು ಹತ್ತಿ ತರಗತಿಗೆ ಹೋಗತೊಡಗಿದರು. ಬೆಳಕು ಬಲ್ಲ ಮನುಷ್ಯ ಕತ್ತಲೆ ಮೆಟ್ಟಿಲಲ್ಲಿ ತಡವರಿಸಿಕೊಂಡು ಹತ್ತುವುದನ್ನು ನೋಡಿದವರಿಗೆ ನಗು ಬರುತ್ತಿತ್ತೋ ಏನೋ, ಮೇಷ್ಟ್ರಿಗಂತೂ ಅಳು ಬರುತ್ತಿತ್ತು.

ಎಲೆಕ್ಟ್ರಾನಿನ ಪಾಠ ಆ ವರ್ಷ ಬುರುಡೆಯಿಲ್ಲದೆ ನಡೆಯಿತು. ಮೇಷ್ಟ್ರು ಬೋರ್ಡಿನ ಮೇಲೆ ಎರಡು ಸೀಳು ಬರೆದು, ಆಚೆ ಒಂದು ಪರದೆ ಬರೆದರು. "ಎಲೆಕ್ಟ್ರಾನನ್ನ ಒಂದೊಂದಾಗೇ ಬಿಡ್ತಾ ಹೋದ್ರು ಅನ್ಕೊಳ್ಳಿ. ಒಂದೊಂದೂ ಪರದೆ ಮೇಲೆ ಒಂದೇ ಚುಕ್ಕೆ ಇಡುತ್ತೆ. ಅರ್ಧ ಇಲ್ಲಿ, ಅರ್ಧ ಅಲ್ಲಿ ಬೀಳಲ್ಲ. ಆದ್ರೆ ಲೆಕ್ಕವಿಲ್ಲದಷ್ಟು ಚುಕ್ಕೆ ಬಿದ್ದ ಮೇಲೆ ನೋಡಿದ್ರೆ ಪಟ್ಟೆ ಪಟ್ಟೆ! ಎರಡೂ ಸೀಳಿಂದ ಅಲೆ ಬಂದು ಕೂಡಿದ್ರೆ ಬರುತ್ತಲ್ಲ, ಹಾಗೆ."

ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದಳು. "ಸಾರ್, ಹಾಗಾದ್ರೆ ಒಂದು ಎಲೆಕ್ಟ್ರಾನು ಯಾವ ಸೀಳಲ್ಲಿ ಹೋಯ್ತು?"

"ನಾವು ಅದನ್ನ ಕೇಳೋವರೆಗೂ ಇದರಲ್ಲಿ ಅಂತಲೂ ಹೇಳೋಕಾಗಲ್ಲ, ಅದರಲ್ಲಿ ಅಂತಲೂ ಹೇಳೋಕಾಗಲ್ಲ."

"ಕೇಳಿದ್ರೆ?"

"ಸೀಳಿನ ಹತ್ರ ಒಂದು ಉಪಕರಣ ಇಟ್ಟು ಕೇಳಿದ್ರೆ ಹೇಳುತ್ತೆ. ಇದು, ಇಲ್ಲಾ ಅದು. ಎರಡರಲ್ಲೂ ಹೋದೆ ಅಂತ ಯಾವತ್ತೂ ಹೇಳಲ್ಲ. ಕೇಳಿದ್ದಕ್ಕೆ ಪಟ್ಟೆ ಅಳಿಸಿಹೋಗುತ್ತೆ, ನಿಜ. ಆದ್ರೆ ಕೇಳಿದ ಮೇಲೆ ಉತ್ತರ..." ಮೇಷ್ಟ್ರ ಕೈಯಲ್ಲಿದ್ದ ಸೀಮೆಸುಣ್ಣ ಹಾಗೇ ನಿಂತಿತು.

"ಅಂದ್ರೆ ಅದು ಹೂಂ ಅನ್ನಲ್ಲ ಅನ್ನಿ ಸಾರ್!" ಎಂದ ಮೂಲೆಯ ಒಬ್ಬ ಪೋಲಿ. ಇಡೀ ತರಗತಿ ಹೋ ಎಂದು ನಕ್ಕಿತು. ಮೇಷ್ಟ್ರೂ ನಕ್ಕರು. ಕಿವಿ ಮಾತ್ರ ಕಾದ ಹಂಚಿನ ಹಾಗೆ ಸುಡುತ್ತಿತ್ತು. ಅಷ್ಟು ದಿನ ಅವರು ಒಳಗೊಳಗೇ ನೆಚ್ಚಿಕೊಂಡಿದ್ದದ್ದು ಈ ಪಾಠವನ್ನೇ. ಜಗತ್ತೇ ತಳಮಟ್ಟದಲ್ಲಿ ಹೀಗೂ ಹೌದು ಹಾಗೂ ಹೌದು ಅನ್ನುವಾಗ ನನ್ನದೊಂದು ಹೂಂ ಯಾವ ಮಹಾ ಅಪರಾಧ ಎಂದುಕೊಂಡಿದ್ದರು. ಕೇಳುವವರೆಗೆ ಹಾಗೆ. ಕೇಳಿದ ಮೇಲೆ ಕಣ್ಣಿಗೆ ಕಾಣದ ಎಲೆಕ್ಟ್ರಾನು ಕೂಡ ಇದು ಇಲ್ಲವೇ ಅದು ಎಂದು ಹೇಳಿಬಿಡುತ್ತದೆ. ಪ್ರಿನ್ಸಿಪಾಲರು ನೇರವಾಗಿ ಕೇಳಿದ್ದರು. ಬಾಯಿ ಇದ್ದ ಮನುಷ್ಯನಿಗೆ ಹೇಳಲಾಗಿರಲಿಲ್ಲ. ಆದರೂ, ಇಷ್ಟು ತಿಳಿದ ಮೇಲೂ, ಮೇಷ್ಟ್ರು ಪ್ರಿನ್ಸಿಪಾಲರ ಕೋಣೆಗೆ ಹೋಗಲಿಲ್ಲ. ನಾಚಿಕೆ ಮನುಷ್ಯನನ್ನು ತಿದ್ದುತ್ತದೆ ಎಂದು ಯಾರು ಹೇಳಿದರೋ. ಮೇಷ್ಟ್ರನ್ನಂತೂ ಅದು ಇನ್ನಷ್ಟು ಹಿಂದಿನ ಮೆಟ್ಟಿಲಿಗೆ ತಳ್ಳಿತು.

ವರ್ಷ ಮುಗಿದು ಹೊಸ ಹುಡುಗರು ಸೇರುವ ಕಾಲ ಬಂತು. ದೊಡ್ಡ ಹಾಲಿನಲ್ಲಿ ಎರಡು ಮೇಜು, ಎರಡು ಸಾಲು. ಒಂದು ಸೈನ್ಸಿಗೆ, ಒಂದು ಕಾಮರ್ಸಿಗೆ. ಸೈನ್ಸಿನ ಮೇಜಿಗೆ ಮೇಷ್ಟ್ರನ್ನು ಕೂರಿಸಿದ್ದರು. ಅರ್ಜಿ ತೆಗೆದುಕೊಳ್ಳಲು ಅದೇ ಕೊನೆಯ ದಿನ. ಅಂಕಪಟ್ಟಿ ನೋಡಿ ನೋಡಿ ಕಣ್ಣು ಸೋತು ತಲೆ ಎತ್ತಿದಾಗ ಕಾಮರ್ಸಿನ ಸಾಲಿನಲ್ಲಿ ಲ್ಯಾಬಮ್ಮ ಕಂಡರು. ಪಕ್ಕದಲ್ಲಿ ಮಗಳು. ಹುಡುಗಿಯ ಕಣ್ಣು ಕೆಂಪಾಗಿತ್ತು. ಅವಳು ಪದೇ ಪದೇ ಈ ಕಡೆಯ ಸಾಲನ್ನು ನೋಡುತ್ತಿದ್ದಳು.

ಮೇಷ್ಟ್ರು ಎದ್ದು ಹೋದರು. ಯಾಕೆ ಎದ್ದರೆಂದು ಅವರಿಗೇ ತಿಳಿಯಲಿಲ್ಲ. "ಏನ್ರೀ ಲ್ಯಾಬಮ್ಮ, ಮಗಳು ಸೈನ್ಸ್ ಅಂತ ಹಟ ಹಿಡಿದಿದ್ಲಲ್ಲ? ಇಲ್ಲಿ ನಿಂತಿದೀರಾ?"

"ಈಗಲೂ ಹಟ ಬಿಟ್ಟಿಲ್ಲ ಸಾರ್. ನಾನೇ ಬೇಡ ಅಂದೆ."

"ಯಾಕೆ? ಅಂಕ ಬಂದಿಲ್ವಾ?"

"ಅಂಕ ಎಲ್ಲ ಬಂದಿದೆ. ನಮ್ಮ ಕೈ ಸರಿ ಇಲ್ಲ ಸಾರ್." ಲ್ಯಾಬಮ್ಮ ದನಿ ತಗ್ಗಿಸಿದರು. "ಅಷ್ಟು ಜೋಪಾನ ಮಾಡಿದ್ದನ್ನ ನನ್ನ ಕೈಯಾರೆ ಸುಟ್ಟೆನಲ್ಲ. ಅವತ್ತಿಂದ ಸ್ವಿಚ್ ಅಂದ್ರೆ ಕೈ ನಡುಗುತ್ತೆ. ಮನೇಲಿ ಲೈಟು ಹಾಕೋದೂ ಇವಳೇ. ನಾಳೆ ಇವಳು ಆ ಲ್ಯಾಬಲ್ಲಿ ಏನಾದ್ರೂ ಮುರಿದ್ರೆ, ತಾಯಿ ಹಾಗೇ ಅಂತಾರೆ. ಬೇಡ ಬಿಡಿ."

ಮೇಷ್ಟ್ರಿಗೆ ಗಂಟೆಯ ಸ್ವಿಚ್ಚು ನೆನಪಾಯಿತು. ಅದು ನಾಟಕವಾಗಿರಲಿಲ್ಲ. ಆದರೂ ಹಳೆಯ ಚಾಳಿ ಅಷ್ಟು ಸುಲಭಕ್ಕೆ ಬಿಡುತ್ತದೆಯೇ? "ನೀವೇ ಸುಟ್ಟಿದ್ದು ಅಂತ... ಅದು ಹೇಗೆ ಹೇಳ್ತೀರಿ?" ಎಂದು ನುಣುಚಿಕೊಳ್ಳಲು ನೋಡಿದರು.

"ಮೊದಲು ನಂಗೂ ಅನುಮಾನ ಇತ್ತು ಸಾರ್. ಗುಂಡಿ ಸೊನ್ನೆಗಿಟ್ಟೇ ಹೋಗಿದ್ದೆ ಅನ್ಸಿತ್ತು. ಆದ್ರೆ ಪ್ರಿನ್ಸಿಪಾಲ್ರು ಕೇಳಿದಾಗ ನೀವು ಹೂಂ ಅಂದ್ರಲ್ಲ. ನೀವೇ ಅಂದ ಮೇಲೆ ಮುಗೀತು. ನೀವು ಸುಳ್ಳು ಹೇಳೋರಲ್ಲ."

ಬಯ್ದಿದ್ದರೆ ಮೇಷ್ಟ್ರು ತಡೆದುಕೊಳ್ಳುತ್ತಿದ್ದರು. ಈ ನಂಬಿಕೆಯನ್ನು ತಡೆದುಕೊಳ್ಳಲು ಅವರಿಂದ ಆಗಲಿಲ್ಲ. ನೆಲ ಬಾಯಿಬಿಡಬಾರದೇ ಅನ್ನಿಸಿತು. ಸಾಲಿನಲ್ಲಿದ್ದ ತಂದೆ ತಾಯಂದಿರು ನೋಡುತ್ತಿದ್ದಂತೆಯೇ ಹೇಳಿದರು.

"ಅದನ್ನ ಸುಟ್ಟಿದ್ದು ನಾನು."

ಲ್ಯಾಬಮ್ಮನಿಗೆ ಅರ್ಥವಾಗಲಿಲ್ಲ. "ಏನಂದ್ರಿ?"

"ಭಾನುವಾರ ನೆಂಟರಿಗೆ ತೋರಿಸೋಕೆ ಹೋಗಿ ನಾನೇ ಸುಟ್ಟೆ. ಗುಂಡಿ ಮೇಲೆ ಬಿಟ್ಟು ಬಂದಿದ್ದೂ ನಾನೇ."

ಲ್ಯಾಬಮ್ಮ ಕಳೆದ ವಸ್ತುವನ್ನು ಮೂಲೆ ಮೂಲೆ ಹುಡುಕುವವರ ಹಾಗೆ ಮೆಲ್ಲಗೆ ಕೇಳತೊಡಗಿದರು. "ನಾನು ಸ್ವಿಚ್ ಹಾಕೋ ಮುಂಚೆನೇ ಸುಟ್ಟುಹೋಗಿತ್ತಾ?"

"ಹೌದು."

"ಪ್ರಿನ್ಸಿಪಾಲ್ರ ರೂಮಲ್ಲಿ ನಿಂತಿದ್ವಲ್ಲ, ಆವಾಗ ನಿಮಗೆ ಇದು ಗೊತ್ತಿತ್ತಾ?"

"ಹೌದು."

"ನಾನು ಅಳ್ತಿದ್ದಿದ್ದು ನೋಡಿದ್ರಾ?"

"ಹೌದು" ಎಂದರು ಮೇಷ್ಟ್ರು.

ಲ್ಯಾಬಮ್ಮ ಪ್ರಿನ್ಸಿಪಾಲರ ಕೋಣೆಯ ಕಡೆ ಕೈ ತೋರಿಸಿದರು, ಅಷ್ಟೇ. ಮೇಷ್ಟ್ರು ಹೋದರು. ಒಳಗೆ ಪ್ರಿನ್ಸಿಪಾಲರು ಎಲ್ಲ ಕೇಳಿಸಿಕೊಂಡು, ಬಾಗಿಲು ಮುಚ್ಚಿದೆಯೇ ಎಂದು ಒಮ್ಮೆ ನೋಡಿ, "ಹೋಗ್ಲಿ ಬಿಡಿ ಮೇಷ್ಟ್ರೇ, ಹಳೇದನ್ನ ಯಾಕೆ ಕೆದಕ್ತೀರಿ? ನಮ್ಮಿಬ್ಬರಲ್ಲೇ ಇರಲಿ" ಎಂದರು. ಎಷ್ಟು ಮೆತ್ತಗಿನ ಮಾತು! ಹಿಂದೆಯಾಗಿದ್ದರೆ ಮೇಷ್ಟ್ರು ಅದರ ಮೇಲೆ ಮಲಗಿ ನಿದ್ದೆ ಮಾಡುತ್ತಿದ್ದರು. "ಹೊರಗೆ ಎಲ್ಲರಿಗೂ ಹೇಳಿ ಬಂದಿದೀನಿ ಸಾರ್. ಅವರನ್ನ ಲ್ಯಾಬಿಗೆ ವಾಪಸ್ ಕಳಿಸಿ. ನನಗೇನು ಮಾಡ್ಬೇಕೋ ಮಾಡಿ" ಎಂದರು. ಪ್ರಿನ್ಸಿಪಾಲರು ಬೇಸರದಿಂದ, "ಬರೆದು ಕೊಡಿ" ಎಂದು ಒಂದು ಹಾಳೆ ತಳ್ಳಿದರು. ಮೇಷ್ಟ್ರು ನಿಂತಲ್ಲೇ ಬರೆದು ಕೊಟ್ಟರು.

ಹೊರಗೆ ಬಂದಾಗ ಹಾಲಿನಲ್ಲಿ ಗುಸುಗುಸು ಹಬ್ಬಿತ್ತು. ತಲೆ ತಗ್ಗಿಸಿಕೊಂಡು ತಮ್ಮ ಕುರ್ಚಿಯಲ್ಲಿ ಕೂತು ಮುಂದಿನ ಅರ್ಜಿಗೆ ಕೈ ಚಾಚಿದರು. ಎದುರಿಗೆ ನಿಂತಿದ್ದವರು ಲ್ಯಾಬಮ್ಮ ಮತ್ತು ಮಗಳು. ಸಾಲು ಬದಲಾಯಿಸಿದ್ದರು. ಮುಂದೆ ನಿಂತಿದ್ದವರು ತಾವಾಗಿಯೇ ಜಾಗ ಬಿಟ್ಟಿದ್ದರು.

ಹುಡುಗಿ ಅರ್ಜಿ ಕೊಡಲಿಲ್ಲ. ಅದನ್ನು ಎದೆಗೆ ಒತ್ತಿಹಿಡಿದು ಮೇಷ್ಟ್ರನ್ನು ನೋಡಿದಳು, ಆಮೇಲೆ ತಾಯಿಯನ್ನು.

"ಅಮ್ಮ, ಇಲ್ಲಿ ಫಿಸಿಕ್ಸ್ ಇವರೇನಾ ಹೇಳ್ಕೊಡೋದು?"

ಲ್ಯಾಬಮ್ಮ ಮಗಳ ಕೈಯಿಂದ ಅರ್ಜಿ ಬಿಡಿಸಿಕೊಂಡು ಮೇಜಿನ ಮೇಲಿಟ್ಟರು. ಮೇಷ್ಟ್ರ ಕಡೆ ನೋಡಲಿಲ್ಲ.

"ಇವರೇ. ಪಾಠ ಚೆನ್ನಾಗಿ ಮಾಡ್ತಾರೆ" ಎಂದರು. "ಪಾಠ ಮಾತ್ರ ಕೇಳು."